ಅಣುವಿನ ಆಯಸ್ಸು, ಊರಿನ ಗಾಳಿ

ಥಾಮಸ್ ಮಿಜ್ಲಿ ಎಂಬ ಅಮೆರಿಕದ ಎಂಜಿನಿಯರ್ 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಹೊಸ ಅನಿಲವೊಂದನ್ನು ಎದೆ ತುಂಬ ಎಳೆದುಕೊಂಡು, ಅದೇ ಉಸಿರಿನಿಂದ ಮೇಣದಬತ್ತಿ ಆರಿಸಿ ತೋರಿಸಿದ. ವಿಷವಲ್ಲ, ಬೆಂಕಿಯೂ ಹತ್ತುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಲ್ಲಿಯವರೆಗೆ ಫ್ರಿಜ್‌ಗಳಲ್ಲಿ ತುಂಬುತ್ತಿದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಸೋರಿದರೆ ಮನೆಯವರ ಜೀವಕ್ಕೇ ಅಪಾಯ. ಹೊಸ ಕ್ಲೋರೋಫ್ಲೋರೋಕಾರ್ಬನ್, ಅಂದರೆ ಸಿಎಫ್‌ಸಿ, ಯಾವುದರ ಜೊತೆಗೂ ಕೂಡದ ಸಾಧು ವಸ್ತು ಎನಿಸಿತು. ಯಾವುದರ ಜೊತೆಗೂ ಕೂಡದ ಆ ಗುಣವೇ ಮುಂದೆ ಮುಳುವಾಯಿತು. ಕೆಳಗಿನ ಗಾಳಿಯಲ್ಲಿ ಅದನ್ನು ಮುರಿಯಬಲ್ಲದ್ದು ಏನೂ ಇಲ್ಲ. ಹೀಗಾಗಿ ಅದು ಹತ್ತಾರು ವರ್ಷ, ಕೆಲವು ಬಗೆಯದು ನೂರು ವರ್ಷ, ಗಾಳಿಯಲ್ಲೇ ತಿರುಗಾಡಿಕೊಂಡಿದ್ದು ಮೆಲ್ಲಗೆ ಮೇಲೇರಿ, ಓಝೋನ್ ಪದರದ ಎತ್ತರದಲ್ಲಿ ನೇರಳಾತೀತ ಕಿರಣಕ್ಕೆ ಸಿಕ್ಕಿ ಒಡೆದು, ಓಝೋನನ್ನು ತಿನ್ನುವ ಕ್ಲೋರಿನ್ ಬಿಡುತ್ತದೆ.

ವಾಯುಮಾಲಿನ್ಯದ ಮಾತು ಬಂದಾಗ ನಾವೆಲ್ಲ ಕೇಳುವುದು, ಯಾರು ಎಷ್ಟು ಹೊಗೆ ಬಿಟ್ಟರು ಎಂದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದರ ಬೆನ್ನಿಗೇ ಇನ್ನೆರಡನ್ನು ಕೇಳದಿದ್ದರೆ ಸಿಗುವುದು ಅರ್ಧ ಉತ್ತರ: ಬಿಟ್ಟದ್ದು ಗಾಳಿಯಲ್ಲಿ ಎಷ್ಟು ಕಾಲ ಬದುಕುತ್ತದೆ? ಬದುಕಿರುವಷ್ಟು ಕಾಲ ಏನೇನಾಗಿ ಮಾರ್ಪಡುತ್ತದೆ? ಕಾನೂನು, ಒಪ್ಪಂದ, ನಿಷೇಧಗಳೆಲ್ಲ ಕೊನೆಗೆ ನಿಲ್ಲುವುದು ಈ ಎರಡು ಪ್ರಶ್ನೆಗೆ ಪ್ರಯೋಗಶಾಲೆ ಕೊಡುವ ಅಂಕಿಗಳ ಮೇಲೆ. ಅಂಥ ಅಂಕಿಗಳನ್ನು ಅಳೆಯುವುದರಲ್ಲೇ ಸುಮಾರು ಐವತ್ತು ವರ್ಷ ಕಳೆದವರು ಎ. ಆರ್. ರವಿಶಂಕರ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ ಈ ವಾತಾವರಣ ರಸಾಯನ ವಿಜ್ಞಾನಿಯ ಕೆಲಸವನ್ನು ಹಿಡಿದು ಹೊರಟರೆ ಗಾಳಿಯ ಪ್ರಶ್ನೆ ಇಡಿಯಾಗಿ ಎದುರಿಗೆ ಬರುತ್ತದೆ. ನಮ್ಮ ದೇಶದ ಮಟ್ಟಿಗೆ ಆ ಪ್ರಶ್ನೆ ಎಲ್ಲಿ ಅರ್ಧಕ್ಕೆ ನಿಂತಿದೆ ಎಂಬುದೂ ಕಾಣುತ್ತದೆ.

ಹೆಸರಿನ ಮೊದಲ ಅಕ್ಷರ ಅಕ್ಕಿಹೆಬ್ಬಾಳಿನದು. ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ, ಹೇಮಾವತಿ ದಡದ ಊರು. ಮೈಸೂರಿನಲ್ಲಿ ಬಿಎಸ್ಸಿ, ಭೌತ ರಸಾಯನದಲ್ಲಿ ಎಂಎಸ್ಸಿ. ಅಲ್ಲಿಂದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋಗಿ 1975ರಲ್ಲಿ ಪಿಎಚ್‌ಡಿ. ಆಮೇಲೆ ಜಾರ್ಜಿಯಾ ಟೆಕ್‌ನಲ್ಲಿ ಸಂಶೋಧನೆ. 1984ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿರುವ ನೋವಾ ಪ್ರಯೋಗಶಾಲೆಗೆ ಸೇರಿದರು. ಸಾಗರ ಮತ್ತು ವಾತಾವರಣವನ್ನು ನೋಡಿಕೊಳ್ಳುವ ಅಮೆರಿಕ ಸರ್ಕಾರದ ಸಂಸ್ಥೆ ಅದು. ಅಲ್ಲಿ ಮೂವತ್ತು ವರ್ಷ. ಕೊನೆಯ ಕೆಲವು ವರ್ಷ ರಸಾಯನ ವಿಭಾಗದ ನಿರ್ದೇಶಕರು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ. 2014ರಲ್ಲಿ ಫೋರ್ಟ್ ಕಾಲಿನ್ಸ್‌ನ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಹುದ್ದೆಗಳ ವಿವರ ಇಷ್ಟು ಸಾಕು. ಅವರು ಪಿಎಚ್‌ಡಿ ಮುಗಿಸಿದ ಕಾಲ ಎಂಥದು ಎಂಬುದು ಅದಕ್ಕಿಂತ ಮುಖ್ಯ.

ಗಾಳಿ ಕೆಟ್ಟರೆ ಜನ ಸಾಯುತ್ತಾರೆ ಎಂಬುದು 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಐದು ದಿನಗಳಲ್ಲಿ ಗೊತ್ತಾಗಿತ್ತು. ಅಲ್ಲಿಯದು ಕಲ್ಲಿದ್ದಲಿನ ಮಸಿ, ಗಂಧಕದ ಹೊಗೆ. ಕಣ್ಣಿಗೆ ಕಾಣುವಂಥದು, ಹೊಗೆಕೊಳವೆಯಿಂದ ನೇರವಾಗಿ ಬಂದದ್ದು. ಲಾಸ್ ಏಂಜಲೀಸಿನ ಸಮಸ್ಯೆ ಬೇರೆ. ಅಲ್ಲಿ ಬಿಸಿಲೇರಿದಂತೆ ಕಣ್ಣುರಿ, ಬೆಳೆಯ ಎಲೆಗಳ ಮೇಲೆ ಕಲೆ, ರಬ್ಬರಿನಲ್ಲಿ ಬಿರುಕು. ಯಾವ ಕಾರ್ಖಾನೆಯ ಕೊಳವೆಯಲ್ಲೂ ಅಪರಾಧಿ ಸಿಗಲಿಲ್ಲ. ಅನಾನಸಿನ ಪರಿಮಳವನ್ನು ಅಧ್ಯಯನ ಮಾಡುತ್ತಿದ್ದ ಕ್ಯಾಲ್ಟೆಕ್‌ನ ಆರೀ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಉತ್ತರ ಕೊಟ್ಟರು: ವಾಹನಗಳಿಂದ ಬರುವ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಕೂಡಿ ಓಝೋನ್ ಆಗುತ್ತವೆ. ಯಾರೂ ಬಿಡದ ವಿಷ ಗಾಳಿಯಲ್ಲೇ ತಯಾರಾಗುತ್ತಿತ್ತು. ಇಂದು ನಮ್ಮ ನಗರಗಳ ಗಾಳಿಯಲ್ಲಿ ತೇಲುವ, ಪಿಎಂ 2.5 ಎಂಬ ಸೂಕ್ಷ್ಮ ಕಣಗಳಲ್ಲಿ ದೊಡ್ಡ ಪಾಲು ಹೀಗೆ ಗಾಳಿಯಲ್ಲಿ ಹುಟ್ಟಿದ್ದೇ ಎಂಬುದನ್ನು ಮುಂದೆ ನೋಡೋಣ.

1970ರಲ್ಲಿ ಪಾಲ್ ಕ್ರುಟ್ಜನ್, ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಮೇಲಿನ ಓಝೋನಿಗೆ ಕೈ ಹಾಕುತ್ತದೆ ಎಂದು ತೋರಿಸಿದರು. ಮರುವರ್ಷ ಹೆರಾಲ್ಡ್ ಜಾನ್‌ಸ್ಟನ್, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳ ಹೊಗೆ ಅದೇ ಕೆಲಸ ಮಾಡೀತು ಎಂದರು. ಅದೇ 1971ರಲ್ಲಿ ಹೈರಮ್ ಲೆವಿ, ಕೆಳಗಿನ ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ರೇಡಿಕಲ್ ಬಿಸಿಲಿದ್ದಷ್ಟು ಹೊತ್ತೂ ಹುಟ್ಟುತ್ತಿರಬೇಕೆಂದು ಲೆಕ್ಕ ಹಾಕಿ ಹೇಳಿದರು. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಸಿಎಫ್‌ಸಿಯ ಕಥೆ ಬಿಚ್ಚಿಟ್ಟರು. 1975ರಲ್ಲಿ ವೀರಭದ್ರನ್ ರಾಮನಾಥನ್, ಸಿಎಫ್‌ಸಿ ಭೂಮಿಯನ್ನು ಬಿಸಿ ಮಾಡುವುದರಲ್ಲೂ ಮುಂದು ಎಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಅವರು. ಐದಾರು ವರ್ಷಗಳಲ್ಲಿ ಇಷ್ಟೆಲ್ಲ ಊಹೆ, ಲೆಕ್ಕ, ಎಚ್ಚರಿಕೆ. ಪ್ರತಿಯೊಂದರ ಒಳಗೂ ಹತ್ತಾರು ರಾಸಾಯನಿಕ ಕ್ರಿಯೆಗಳು, ಅವುಗಳಲ್ಲಿ ಬಹಳಷ್ಟರ ವೇಗವನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ. ಅಳೆಯಬಲ್ಲವರಿಗೆ ಕೈತುಂಬ ಕೆಲಸವಿದ್ದ ಹೊತ್ತಿನಲ್ಲಿ ರವಿಶಂಕರ ಹೊರಬಂದರು.

ಈ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾಕೆಂದರೆ ಪತ್ರಿಕೆಗಳಲ್ಲಿ ಬರುವುದು ಫಲಿತಾಂಶ ಮಾತ್ರ.

ಹೈಡ್ರಾಕ್ಸಿಲ್ ಎಂದರೆ ಒಂದು ಆಕ್ಸಿಜನ್, ಒಂದು ಹೈಡ್ರೋಜನ್. ನೀರಿನ ಅಣುವಿನಿಂದ ಒಂದು ಹೈಡ್ರೋಜನ್ ಕಿತ್ತರೆ ಉಳಿಯುವ ತುಂಡು. ಹಗಲು ಹೊತ್ತು ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಇದು ಕೆಲವು ಲಕ್ಷ, ಹೆಚ್ಚೆಂದರೆ ಕೋಟಿಯ ಆಸುಪಾಸು. ಅಷ್ಟೇ ಗಾಳಿಯಲ್ಲಿರುವ ಒಟ್ಟು ಅಣುಗಳ ಸಂಖ್ಯೆ ಬರೆಯಲು 25ರ ಮುಂದೆ ಹದಿನೆಂಟು ಸೊನ್ನೆ ಬೇಕು. ಹುಟ್ಟಿದ ಹೈಡ್ರಾಕ್ಸಿಲ್ ಬದುಕುವುದು ಸುಮಾರು ಒಂದು ಸೆಕೆಂಡು, ಕೊಳೆ ಗಾಳಿಯಲ್ಲಿ ಇನ್ನೂ ಕಡಿಮೆ. ಇಷ್ಟು ಅಲ್ಪವಾದದ್ದು, ಇಷ್ಟು ಅಲ್ಪಾಯುವಾದದ್ದು ಮೀಥೇನ್, ಕಾರ್ಬನ್ ಮೊನಾಕ್ಸೈಡ್, ಪೆಟ್ರೋಲ್ ಆವಿ ಇವನ್ನೆಲ್ಲ ಗಾಳಿಯಿಂದ ತೆಗೆಯುತ್ತದೆ. ಒಂದು ಅನಿಲ ಹೈಡ್ರಾಕ್ಸಿಲ್ ಜೊತೆ ಎಷ್ಟು ಬೇಗ ಕೂಡುತ್ತದೆ ಎಂದು ಗೊತ್ತಾದರೆ ಅದರ ಆಯಸ್ಸೂ ಬಹುಮಟ್ಟಿಗೆ ಗೊತ್ತಾದಂತೆ.

ಅಳೆಯುವ ಬಗೆ ಹೀಗೆ. ಗಾಜಿನ ಕೋಶವೊಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಆವಿ ಚೂರು, ಪರೀಕ್ಷೆಯ ಅನಿಲ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಉಳಿದಂತೆ ಹೀಲಿಯಂನಂಥ ತಟಸ್ಥ ಅನಿಲ. ನೇರಳಾತೀತ ಲೇಸರಿನ ಒಂದು ಮಿಂಚು ಕೊಟ್ಟರೆ ಪೆರಾಕ್ಸೈಡ್ ಸೀಳಿ ಹೈಡ್ರಾಕ್ಸಿಲ್ ಹುಟ್ಟುತ್ತದೆ. ಕೆಲವು ಮೈಕ್ರೋಸೆಕೆಂಡು ತಡೆದು ಎರಡನೇ ಲೇಸರ್ ಬಿಟ್ಟರೆ, ಉಳಿದಿರುವ ಹೈಡ್ರಾಕ್ಸಿಲ್ ಅದನ್ನು ಹೀರಿ ತನ್ನದೇ ಬೆಳಕು ಬೀರುತ್ತದೆ. ಆ ಬೆಳಕನ್ನು ಅಳೆದುಕೊಳ್ಳುವುದು. ಎರಡು ಮಿಂಚುಗಳ ನಡುವಿನ ಅಂತರ ಹೆಚ್ಚಿಸುತ್ತ ಹೋದರೆ ಬೆಳಕು ಇಳಿಯುತ್ತ ಬರುತ್ತದೆ. ಇಳಿಯುವ ವೇಗದಿಂದ ಕ್ರಿಯೆಯ ವೇಗ ಸಿಗುತ್ತದೆ. ಆಮೇಲೆ ಇದನ್ನೇ ಬೇರೆ ಬೇರೆ ಉಷ್ಣತೆಯಲ್ಲಿ ಮಾಡಬೇಕು, ಯಾಕೆಂದರೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ.

ಹೇಳಲು ಸುಲಭ. ಮೀಥೇನ್ ವಿಷಯದಲ್ಲಿ ಇದು ಎಂಥ ಕಷ್ಟ ಎಂಬುದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಮೀಥೇನ್ ಜೊತೆ ಹೈಡ್ರಾಕ್ಸಿಲ್ ಬಹಳ ನಿಧಾನವಾಗಿ ಕೂಡುತ್ತದೆ. ಈಥೇನ್ ಜೊತೆ ಅದರ ಸುಮಾರು ನಲವತ್ತು ಪಟ್ಟು ವೇಗ. ಎಥಿಲೀನ್ ಜೊತೆ ಸಾವಿರ ಪಟ್ಟಿಗೂ ಮೇಲೆ. ಅಂದರೆ ಸಿಲಿಂಡರಿನ ಮೀಥೇನಿನಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ಎಥಿಲೀನ್ ಕಲಬೆರಕೆ ಇದ್ದರೂ ಅಳತೆ ಶೇಕಡಾ ಹತ್ತಕ್ಕೂ ಹೆಚ್ಚು ಏರಿ ಕೂರುತ್ತದೆ. ನೋಡುವವರಿಗೆ ಗೆರೆ ನೇರವಾಗಿಯೇ ಇರುತ್ತದೆ, ಅಂಕಿ ಅಂದವಾಗಿಯೇ ಇರುತ್ತದೆ, ಆದರೆ ತಪ್ಪು. ವಾಘ್‌ಜಿಯಾನಿ ಮತ್ತು ರವಿಶಂಕರ 1991ರಲ್ಲಿ ನೇಚರ್ ಪತ್ರಿಕೆಯಲ್ಲಿ ಹೊಸ ಅಳತೆ ಪ್ರಕಟಿಸಿದರು. ಈ ಕ್ರಿಯೆ ಅದುವರೆಗೆ ಒಪ್ಪಿಕೊಂಡಿದ್ದಕ್ಕಿಂತ ನಿಧಾನ. ಆ ಒಂದು ಅಂಕಿ ಬದಲಾದದ್ದೇ ಮೀಥೇನಿನ ಆಯಸ್ಸು ಸುಮಾರು ಕಾಲು ಭಾಗ ಹೆಚ್ಚಿತು. ಗಾಳಿಯಲ್ಲಿರುವ ಮೀಥೇನಿನ ಮೊತ್ತ ಮಾತ್ರ ಮೊದಲಿನಷ್ಟೇ. ಹೋಗುವ ವೇಗ ಕಡಿಮೆ ಎಂದರೆ ಬರುವ ವೇಗವೂ ಕಡಿಮೆಯೇ ಇರಬೇಕು. ಹೀಗಾಗಿ ಭತ್ತದ ಗದ್ದೆ, ದನಕರು, ಜವುಗು ನೆಲ, ಅನಿಲ ಬಾವಿ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಮೀಥೇನ್ ಬರುತ್ತದೆ ಎಂಬ ಜಗತ್ತಿನ ಲೆಕ್ಕವನ್ನೇ ತಗ್ಗಿಸಬೇಕಾಯಿತು. ಒಂದು ಗಾಜಿನ ಕೋಶದಲ್ಲಿ ಶುದ್ಧ ಅನಿಲ ತುಂಬಿ ಎಚ್ಚರದಿಂದ ಅಳೆದದ್ದರ ಫಲ ಅದು. ವಿಜ್ಞಾನದಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಇಂಥ ಕೆಲಸವನ್ನು.

ಓಝೋನ್ ವಿಷಯದಲ್ಲೂ ಇದೇ ಶಿಸ್ತು ಕೆಲಸ ಮಾಡಿತು. 1985ರಲ್ಲಿ ಜೋ ಫಾರ್ಮನ್ ಮತ್ತು ಸಂಗಡಿಗರು ಅಂಟಾರ್ಕ್ಟಿಕದ ಮೇಲೆ ಓಝೋನ್ ಪ್ರತಿ ವಸಂತದಲ್ಲೂ ಕುಸಿಯುತ್ತಿದೆ ಎಂದು ತೋರಿಸಿದಾಗ, ಆಗ ಗೊತ್ತಿದ್ದ ಅನಿಲ ಕ್ರಿಯೆಗಳಿಂದ ಅಷ್ಟು ದೊಡ್ಡ ಕುಸಿತವನ್ನು ವಿವರಿಸಲಾಗಲಿಲ್ಲ. ಬೋಲ್ಡರ್‌ನ ಅದೇ ಪ್ರಯೋಗಶಾಲೆಯಲ್ಲಿದ್ದ ಸೂಸನ್ ಸಾಲಮನ್ ಮತ್ತು ಇತರರು, ಧ್ರುವದ ಚಳಿಗಾಲದಲ್ಲಿ ಮೇಲೆ ಕಟ್ಟುವ ಮೋಡಗಳ ಕಣಗಳ ಮೇಲ್ಮೈಯಲ್ಲೇ ಕ್ಲೋರಿನ್ ಸಜ್ಜಾಗುತ್ತದೆ ಎಂದರು. ಹಾಗಾದರೆ ಮಂಜಿನ ಮೇಲೆ, ಗಂಧಕಾಮ್ಲದ ಹನಿಗಳ ಮೇಲೆ ಈ ಕ್ರಿಯೆಗಳು ಎಷ್ಟು ಬೇಗ ನಡೆಯುತ್ತವೆ? ಡೇವಿಡ್ ಹ್ಯಾನ್ಸನ್ ಜೊತೆ ರವಿಶಂಕರ ಅದನ್ನು ಅಳೆದರು. 1991ರಲ್ಲಿ ಫಿಲಿಪೀನ್ಸಿನ ಪಿನಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಹನಿಗಳನ್ನು ಮೇಲಕ್ಕೆ ತೂರಿದಾಗ ಓಝೋನ್ ಇನ್ನಷ್ಟು ಯಾಕೆ ಇಳಿಯಿತು ಎಂಬುದನ್ನು ಹೇಳಲು ಇಂಥ ಅಂಕಿಗಳೇ ಆಧಾರ.

ಅಷ್ಟರಲ್ಲಿ ಸಿಎಫ್‌ಸಿಗಳಿಗೆ ಕಡಿವಾಣ ಹಾಕುವ 1987ರ ಮಾಂಟ್ರಿಯಲ್ ಒಪ್ಪಂದ ಜಾರಿಯಾಗಿತ್ತು. ಸಿಎಫ್‌ಸಿಗೆ ಬದಲಿಯಾಗಿ ಬಂದದ್ದು ಕ್ಲೋರಿನ್ ಇಲ್ಲದ ಹೈಡ್ರೋಫ್ಲೋರೋಕಾರ್ಬನ್, ಎಚ್‌ಎಫ್‌ಸಿ. ಇವು ಒಡೆದಾಗ ಬರುವ ಫ್ಲೋರಿನ್ ತುಂಡುಗಳೂ ಓಝೋನನ್ನು ತಿನ್ನಬಹುದೆಂಬ ಅನುಮಾನ 1990ರ ದಶಕದ ಆರಂಭದಲ್ಲಿ ಎದ್ದಿತು. ಕಾರ್ಖಾನೆಗಳು ಕೋಟ್ಯಂತರ ಹಣ ಹೂಡಿ ಬದಲಾಗುತ್ತಿದ್ದ ಹೊತ್ತು. ಅನುಮಾನ ನಿಜವಾಗಿದ್ದರೆ ಒಂದು ಕೇಡಿನಿಂದ ತಪ್ಪಿಸಿಕೊಂಡು ಇನ್ನೊಂದರ ಬಾಯಿಗೆ ಬಿದ್ದಂತಾಗುತ್ತಿತ್ತು. ರವಿಶಂಕರ ಮತ್ತು ಸಂಗಡಿಗರು 1994ರಲ್ಲಿ ಆ ಕ್ರಿಯೆಗಳನ್ನು ಅಳೆದು, ಓಝೋನಿಗೆ ಇವುಗಳಿಂದ ಆಗುವ ಹಾನಿ ಲೆಕ್ಕಕ್ಕೆ ಬಾರದಷ್ಟು ಎಂದು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ಅನುಮಾನ ಅಲ್ಲಿಗೆ ಮುಗಿಯಿತು. ಅದಕ್ಕೂ ಒಂದು ವರ್ಷ ಮೊದಲು ಅವರದೇ ಇನ್ನೊಂದು ಪ್ರಬಂಧ, ಅಲ್ಯೂಮಿನಿಯಂ ಕಾರ್ಖಾನೆಗಳಿಂದ ಬರುವ ಕಾರ್ಬನ್ ಟೆಟ್ರಾಫ್ಲೋರೈಡಿನ ಆಯಸ್ಸು 50,000 ವರ್ಷಕ್ಕೂ ಹೆಚ್ಚು ಎಂದು ಎಚ್ಚರಿಸಿತ್ತು. ಇವತ್ತು ಬಿಟ್ಟದ್ದು ಮನುಷ್ಯರ ಲೆಕ್ಕದಲ್ಲಿ ಶಾಶ್ವತ.

ಎಚ್‌ಎಫ್‌ಸಿ ಓಝೋನಿಗೆ ಸಾಧುವಾದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಸಾಧುವಲ್ಲ. ಕಾರುಗಳ ಎಸಿಯಲ್ಲಿರುವ ಎಚ್‌ಎಫ್‌ಸಿ-134ಎ ಗಾಳಿಯಲ್ಲಿ ಸುಮಾರು 14 ವರ್ಷ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿ. ಇದಕ್ಕೂ ಕಡಿವಾಣ ಬೇಕೆಂದು 2012ರಲ್ಲಿ ವಾದಿಸಿದ ಪ್ರಬಂಧದ ಲೇಖಕರಲ್ಲಿ ರವಿಶಂಕರ, ಮೊಲಿನಾ ಇಬ್ಬರೂ ಇದ್ದರು. 2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. ಭಾರತದ ಪಾಲಿಗೆ 2028ರಿಂದ ಮಿತಿ, 2047ರೊಳಗೆ ಶೇ. 85 ಕಡಿತ. ಓಝೋನ್ ಒಪ್ಪಂದದ ವೈಜ್ಞಾನಿಕ ಸಮಿತಿಯ ಸಹ ಅಧ್ಯಕ್ಷರಾಗಿ ರವಿಶಂಕರ ಹಲವು ವರ್ಷ ದುಡಿದರು. ಇಂಥ ಸಮಿತಿಗಳು ಇಂಥದ್ದನ್ನು ನಿಷೇಧಿಸಿ ಎಂದು ಹೇಳುವುದಿಲ್ಲ. ಹೀಗೆ ಮಾಡಿದರೆ ಹೀಗಾಗುತ್ತದೆ ಎಂದಷ್ಟೇ ಹೇಳುತ್ತವೆ. ಆ ಸಂಯಮ ಇದ್ದುದರಿಂದಲೇ ಅವುಗಳ ಮಾತಿಗೆ ಎಲ್ಲ ದೇಶಗಳೂ ಕಿವಿಗೊಟ್ಟವು ಎಂದು ನನ್ನ ನಂಬಿಕೆ.

ಅವರ ಹೆಸರನ್ನು ಪ್ರಯೋಗಶಾಲೆಯ ಹೊರಗೂ ಒಯ್ದದ್ದು 2009ರ ಪ್ರಬಂಧ. ಜಾನ್ ಡೇನಿಯಲ್, ರಾಬರ್ಟ್ ಪೋರ್ಟ್‌ಮನ್ ಜೊತೆ ಬರೆದದ್ದು. ಈಗ ಮನುಷ್ಯರು ಬಿಡುತ್ತಿರುವುದರಲ್ಲಿ ಓಝೋನ್ ಪದರಕ್ಕೆ ಅತಿ ಹೆಚ್ಚು ಹಾನಿ ಮಾಡುವ ಅನಿಲ ಯಾವುದು? ಸಿಎಫ್‌ಸಿಗಳಲ್ಲ, ನೈಟ್ರಸ್ ಆಕ್ಸೈಡ್. ತೂಕಕ್ಕೆ ತೂಕ ನೋಡಿದರೆ ಸಿಎಫ್‌ಸಿ-11ರ ಅರವತ್ತರಲ್ಲೊಂದು ಪಾಲು ಶಕ್ತಿ ಮಾತ್ರ ಅದಕ್ಕೆ. ಆದರೆ ಸಿಎಫ್‌ಸಿ ನಿಂತುಹೋಗಿದೆ, ಇದು ನಿಂತಿಲ್ಲ. ಬಿಡುವ ಮೊತ್ತವೂ ದೊಡ್ಡದು. ಆಯಸ್ಸು ನೂರು ವರ್ಷಕ್ಕೂ ಹೆಚ್ಚು. ಮಾಂಟ್ರಿಯಲ್ ಒಪ್ಪಂದದ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಕ್ರುಟ್ಜನ್ 1970ರಲ್ಲಿ ಹೇಳಿದ್ದ ರಸಾಯನವೇ ಇದು. ಹೊಸದು ಏನೆಂದರೆ ಅದನ್ನು ಸಿಎಫ್‌ಸಿಯ ತಕ್ಕಡಿಯಲ್ಲೇ ಇಟ್ಟು ತೂಗಿದ್ದು.

ಸಿಎಫ್‌ಸಿ ನಿಲ್ಲಿಸಲು ಹತ್ತಾರು ಕಾರ್ಖಾನೆಗಳ ಜೊತೆ ಮಾತಾಡಿದರೆ ಸಾಕಾಗಿತ್ತು. ನೈಟ್ರಸ್ ಆಕ್ಸೈಡ್ ಬರುವುದು ಹೊಲದಿಂದ. ಗೊಬ್ಬರದ ನೈಟ್ರೋಜನ್ನಿನಲ್ಲಿ ಬೆಳೆ ಎತ್ತಿಕೊಳ್ಳದೆ ಉಳಿದದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮಾರ್ಪಡಿಸುವಾಗ ಇದು ಹೊರಬೀಳುತ್ತದೆ. ಯೂರಿಯಾಕ್ಕೆ ಕೈ ಹಾಕಿದರೆ ಅನ್ನಕ್ಕೆ ಕೈ ಹಾಕಿದಂತೆ ಎಂಬ ಅಂಜಿಕೆ ಎಲ್ಲ ಸರ್ಕಾರಗಳಿಗೂ ಇದೆ, ಅದು ಸುಳ್ಳೂ ಅಲ್ಲ. ಗದ್ದೆಯ ವಿಷಯ ಇನ್ನೂ ತೊಡಕು. ನೀರು ನಿಂತ ಭತ್ತದ ಗದ್ದೆ ಮೀಥೇನ್ ಬಿಡುತ್ತದೆ. ನೀರು ಉಳಿಸಲೆಂದು ಆಗಾಗ ಒಣಗಿಸಿದರೆ ಮೀಥೇನ್ ಇಳಿಯುತ್ತದೆ, ನೈಟ್ರಸ್ ಆಕ್ಸೈಡ್ ಏರಬಹುದು. ಒಂದನ್ನು ಮಾತ್ರ ಅಳೆದರೆ ಗೆದ್ದೆವೆಂದುಕೊಳ್ಳುತ್ತೇವೆ. ನಮ್ಮಲ್ಲಿ 2015ರಿಂದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಯೂರಿಯಾ ಕಳ್ಳದಾರಿಯಲ್ಲಿ ಬೇರೆ ಕಾರ್ಖಾನೆಗಳಿಗೆ ಹೋಗದಿರಲಿ ಎಂಬುದು ಅದರ ಒಂದು ಉದ್ದೇಶ. ಮಣ್ಣಿನಲ್ಲಿ ನೈಟ್ರೋಜನ್ ನಿಧಾನವಾಗಿ ಬದಲಾಗಿ ಬೆಳೆಗೆ ಹೆಚ್ಚು ದಕ್ಕುವುದು ಇನ್ನೊಂದು. ಕಬ್ಬು, ಭತ್ತ ಎರಡೂ ಬೆಳೆಯುವ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಈ ಲೇಪದಿಂದ ನೈಟ್ರಸ್ ಆಕ್ಸೈಡ್ ಎಷ್ಟು ಇಳಿದಿದೆ ಎಂದು ಗದ್ದೆ ಗದ್ದೆಯಲ್ಲಿ ಅಳೆಯುವುದು ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೆ ಹೇಳಿ ಮಾಡಿಸಿದ ಕೆಲಸ.

ರಾತ್ರಿಯ ರಸಾಯನವನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ಬಿಸಿಲು ಹೋದ ಮೇಲೆ ಗಾಳಿ ಸುಮ್ಮನಿರುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ನೈಟ್ರೇಟ್ ಎಂಬ ರೇಡಿಕಲ್ ಹಗಲಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಬಿಸಿಲಿಗೆ ಒಡೆದುಹೋಗುತ್ತದೆ. ಕತ್ತಲಾದ ಮೇಲೆ ಕೂಡಿಕೊಳ್ಳುತ್ತ ವಾಹನದ ಹೊಗೆಯನ್ನು ನೈಟ್ರಿಕ್ ಆಮ್ಲದ ಕಡೆಗೆ ಒಯ್ಯುತ್ತದೆ. ಇದನ್ನು ಹಿಡಿಯಲು ಸ್ಟೀವನ್ ಬ್ರೌನ್, ರವಿಶಂಕರ ಮತ್ತು ಸಂಗಡಿಗರು ಒಂದು ಉಪಕರಣ ಕಟ್ಟಿದರು. ಎರಡು ಕನ್ನಡಿಗಳ ನಡುವೆ ಕೆಂಪು ಲೇಸರ್ ಬೆಳಕನ್ನು ಸಿಕ್ಕಿಸಿದರೆ ಅದು ಅತ್ತಿತ್ತ ಪುಟಿಯುತ್ತ ಕಿಲೋಮೀಟರುಗಟ್ಟಲೆ ದೂರ ಕ್ರಮಿಸುತ್ತದೆ. ಅದು ಎಷ್ಟು ಬೇಗ ಆರುತ್ತದೆ ಎಂಬುದರಿಂದ, ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇರುವ ನೈಟ್ರೇಟ್ ರೇಡಿಕಲ್ಲೂ ಲೆಕ್ಕಕ್ಕೆ ಸಿಗುತ್ತದೆ. 2002ರಲ್ಲಿ ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಹಡಗಿನ ಮೇಲೆ ಇದನ್ನಿಟ್ಟು ರಾತ್ರಿಯಿಡೀ ಅಳೆದರು. 2006ರಲ್ಲಿ ಟೆಕ್ಸಸ್ ಕರಾವಳಿಯಲ್ಲಿ ಇನ್ನೊಂದು ಸಂಗತಿ ಹೊರಬಂತು: ನಗರದ ಹೊಗೆ ಸಮುದ್ರದ ಉಪ್ಪಿನ ಕಣಗಳನ್ನು ರಾತ್ರಿ ಮುಟ್ಟಿದಾಗ ನೈಟ್ರಿಲ್ ಕ್ಲೋರೈಡ್ ಹುಟ್ಟುತ್ತದೆ, ಬೆಳಗಿನ ಬಿಸಿಲಿಗೆ ಅದು ಕ್ಲೋರಿನ್ ಪರಮಾಣು ಬಿಡುತ್ತದೆ, ಅಲ್ಲಿಂದ ದಿನದ ಓಝೋನ್ ತಯಾರಿಗೆ ಚಾಲನೆ. ಕಡಲ ತಡಿಯಲ್ಲೇ ಬಂದರು, ರಿಫೈನರಿ, ಹೆದ್ದಾರಿ ಒಟ್ಟಿಗಿರುವ ಮಂಗಳೂರಿನಂಥ ಊರಿಗೆ ಇದು ದೂರದ ಸುದ್ದಿಯಲ್ಲ.

ಇಷ್ಟೆಲ್ಲ ಅಣುಗಳ ಬೆನ್ನು ಹತ್ತಿದವರು ಕೊಲರಾಡೊ ಸ್ಟೇಟ್‌ಗೆ ಬಂದ ಮೇಲೆ ಭಾರತದ ಗಾಳಿಯ ಕಡೆ ತಿರುಗಿದರು. ಲಿಜಿ ಡೇವಿಡ್, ಜೆಫ್ರಿ ಪಿಯರ್ಸ್, ಐಐಟಿ ಬಾಂಬೆಯ ಚಂದ್ರಾ ವೆಂಕಟರಾಮನ್ ಜೊತೆ 2020ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಶ್ನೆ ಸರಳ: ಹೊರಗಾಳಿಯ ಮಾಲಿನ್ಯ ನಗರದ ರೋಗವೇ? ಉಪಗ್ರಹದ ಮಾಹಿತಿಯಿಂದ ನಗರ ಯಾವುದು, ನಗರವಲ್ಲದ್ದು ಯಾವುದು ಎಂದು ಗುರುತಿಸಿ, ಎರಡೂ ಕಡೆಯ ಪಿಎಂ 2.5 ಮತ್ತು ಅದರಿಂದಾಗುವ ಅಕಾಲ ಮರಣ ಲೆಕ್ಕ ಹಾಕಿದರು. ಹಳ್ಳಿಗಾಡಿನ ಗಾಳಿಯೂ ನಗರದಷ್ಟೇ ಕೆಟ್ಟಿದೆ ಎಂಬುದು ಸಿಕ್ಕ ಉತ್ತರ. 2015ರಲ್ಲಿ ದೇಶದಲ್ಲಿ ಸುಮಾರು ಹತ್ತು ಲಕ್ಷ ಅಕಾಲ ಮರಣ, ಅದರಲ್ಲಿ ಮೂರನೇ ಎರಡರಷ್ಟು ನಗರದ ಹೊರಗೆ. ಜನಸಂಖ್ಯೆಯ ಹೆಚ್ಚು ಪಾಲು ಹಳ್ಳಿಗಳಲ್ಲೇ ಇರುವುದರಿಂದ ಗಣಿತ ಅಚ್ಚರಿಯದಲ್ಲ. ಅಚ್ಚರಿಯೆಂದರೆ, ಅಳೆಯುವ ಯಂತ್ರಗಳೆಲ್ಲ ಬಹುಮಟ್ಟಿಗೆ ಪೇಟೆಯಲ್ಲೇ ಇದ್ದುದರಿಂದ ಇದು ಯಾರ ಲೆಕ್ಕಕ್ಕೂ ಬಾರದೆ ಉಳಿದದ್ದು.

ಇಲ್ಲಿ ನನ್ನ ತಕರಾರು ನಮ್ಮ ಕಾರ್ಯಕ್ರಮಗಳ ಬಗ್ಗೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳದ್ದು. ಪಟ್ಟಿಯಲ್ಲಿ 131 ಊರು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಸಾಧನೆಯನ್ನು ಅಳೆಯುವುದು ಪಿಎಂ 10ರಿಂದ, ಅಂದರೆ ದಪ್ಪ ಧೂಳೂ ಸೇರಿದ ಅಂಕಿಯಿಂದ. ಹಣದ ದೊಡ್ಡ ಪಾಲು ರಸ್ತೆ ಧೂಳಿಗೆ ಹೋಗಿದೆ: ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ. ಧೂಳು ಕಡಿಮೆಯಾದರೆ ಒಳ್ಳೆಯದೇ. ಆದರೆ ಶ್ವಾಸಕೋಶದ ಒಳ ಚೀಲಗಳವರೆಗೆ ಇಳಿಯುವುದು ಪಿಎಂ 2.5. ಅದರಲ್ಲಿ ಬಹಳಷ್ಟು ಮಣ್ಣಿನ ಧೂಳಲ್ಲ. ಕಲ್ಲಿದ್ದಲು ಸ್ಥಾವರದ ಸಲ್ಫರ್ ಡೈಆಕ್ಸೈಡ್ ಹೈಡ್ರಾಕ್ಸಿಲ್‌ನ ಕೈಗೆ ಸಿಕ್ಕಿಯೋ ಮೋಡದ ಹನಿಯಲ್ಲೋ ಗಂಧಕಾಮ್ಲವಾಗಿ, ಗೊಬ್ಬರ ಮತ್ತು ಸಗಣಿಯಿಂದ ಏಳುವ ಅಮೋನಿಯಾ ಜೊತೆ ಕೂಡಿ ಕಣವಾಗುತ್ತದೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಗಾಳಿ ಅದನ್ನು ನೂರಾರು ಕಿಲೋಮೀಟರ್ ಒಯ್ದಿರುತ್ತದೆ. ಯಾವ ಪೇಟೆಯ ರಸ್ತೆ ಗುಡಿಸಿದರೂ ಇದು ಹೋಗದು.

ಸಲ್ಫರ್ ಡೈಆಕ್ಸೈಡನ್ನು ಹೊಗೆಕೊಳವೆಯಲ್ಲೇ ಹಿಡಿಯಬೇಕೆಂದು ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಮಿತಿ ಗೊತ್ತುಮಾಡಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಅನಿಲವನ್ನು ಹಿಡಿಯುವ ಯಂತ್ರ ಹಾಕುವುದರಿಂದಲೇ ವಿನಾಯಿತಿ ಸಿಕ್ಕಿತು. ಸ್ಥಾವರದ ಸುತ್ತಮುತ್ತ ಸಲ್ಫರ್ ಡೈಆಕ್ಸೈಡ್ ಮಟ್ಟ ಮಿತಿಯೊಳಗಿದೆ ಎಂಬುದು ಮುಂದಿಟ್ಟ ಕಾರಣಗಳಲ್ಲಿ ಒಂದು. ರಸಾಯನ ವಿಜ್ಞಾನ ತಿಳಿದವರಿಗೆ ಈ ಕಾರಣ ಒಪ್ಪಿಗೆಯಾಗಲಾರದು. ಅನಿಲ ಬಿಟ್ಟ ಜಾಗದಲ್ಲಿ ಅನಿಲವನ್ನು ಹುಡುಕಿದರೆ ಸಾಲದು. ಅದು ಕಣವಾಗಿ ಇಳಿಯುವ ಜಾಗದಲ್ಲಿ ಕಣವನ್ನು ಹುಡುಕಬೇಕು. ರಾಯಚೂರಿನ, ಬಳ್ಳಾರಿಯ ಸ್ಥಾವರಗಳ ಹೊಗೆ ಆ ಜಿಲ್ಲೆಗಳ ಗಡಿಯಲ್ಲಿ ನಿಲ್ಲುವುದಿಲ್ಲ.

ಅಡುಗೆಮನೆಯ ಹೊಗೆಯೂ ಹೊರಗಾಳಿಯೇ. ಭಾರತದಲ್ಲಿ ಪಿಎಂ 2.5ಗೆ ಅತಿ ದೊಡ್ಡ ಮೂಲಗಳಲ್ಲಿ ಮನೆಯೊಲೆಯ ಸೌದೆ, ಬೆರಣಿಗಳೂ ಇವೆ ಎಂದು ವೆಂಕಟರಾಮನ್ ಮತ್ತಿತರರ ಅಧ್ಯಯನಗಳು ತೋರಿಸಿವೆ. 2016ರ ಉಜ್ವಲಾ ಯೋಜನೆ ಸಿಲಿಂಡರನ್ನು ಮನೆ ಬಾಗಿಲಿಗೆ ತಂದಿತು. ಎರಡನೇ, ಮೂರನೇ ಸಿಲಿಂಡರ್ ತುಂಬಿಸುವ ದುಡ್ಡಿನ ಪ್ರಶ್ನೆ ಬಗೆಹರಿಯಲಿಲ್ಲ. ಸ್ನಾನದ ಹಂಡೆಗೆ, ಮುದ್ದೆ ಬೇಯಿಸುವ ಒಲೆಗೆ ಇಂದಿಗೂ ಸೌದೆ ಹಾಕುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಒಲೆಯ ಮುಂದೆ ಕೂರುವ ಹೆಣ್ಣುಮಗಳನ್ನು ಮಾಲಿನ್ಯದ ಚರ್ಚೆ ತಲುಪಿಲ್ಲ. ಅವಳ ಪಾಲಿನ ಹೊಗೆಯನ್ನು ಅವಳ ಮನೆವಾರ್ತೆ ಎಂದು ಬಿಟ್ಟುಬಿಟ್ಟಿದ್ದೇವೆ.

ಮೀಥೇನ್ ವಿಷಯದಲ್ಲಿ ಈ ಎಲ್ಲ ಎಳೆಗಳೂ ಒಂದೆಡೆ ಕೂಡುತ್ತವೆ. ಅದು ಬಿಸಿ ಮಾಡುವ ಅನಿಲ. ಹೈಡ್ರಾಕ್ಸಿಲ್ ಅದನ್ನು ಮುರಿಯುವ ಹಾದಿಯಲ್ಲಿ ಕೆಳಗಿನ ಓಝೋನ್ ಹುಟ್ಟಿ ಜನರ ಉಸಿರನ್ನೂ ಬೆಳೆಯನ್ನೂ ಕೆಡಿಸುತ್ತದೆ. 2021ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹೊರತಂದ ಮೀಥೇನ್ ಸಮೀಕ್ಷೆಯ ಲೇಖಕರಲ್ಲಿ ರವಿಶಂಕರ ಒಬ್ಬರು. ಮನುಷ್ಯರಿಂದ ಬರುವ ಮೀಥೇನನ್ನು 2030ರೊಳಗೆ ಶೇ. 45 ಇಳಿಸಿದರೆ 2040ರ ದಶಕಕ್ಕೆ ಸುಮಾರು 0.3 ಡಿಗ್ರಿ ಬಿಸಿ ತಪ್ಪುತ್ತದೆ, ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಅಕಾಲ ಮರಣ ತಪ್ಪುತ್ತದೆ ಎನ್ನುತ್ತದೆ ಅದು. ಇಷ್ಟು ಬೇಗ ಫಲ ಸಿಗಲು ಕಾರಣ ಮೀಥೇನಿನ ಆಯಸ್ಸು ಹತ್ತು ವರ್ಷದ ಆಸುಪಾಸು ಇರುವುದು. ಮೂವತ್ತು ವರ್ಷ ಹಿಂದೆ ಗಾಜಿನ ಕೋಶದಲ್ಲಿ ತಿದ್ದಿದ ಅಂಕಿ ಈಗ ಸರ್ಕಾರಗಳ ಗುರಿಯ ಒಳಗೆ ಕೂತಿದೆ.

2020ರ ಆ ಪ್ರಬಂಧ ಉಪಗ್ರಹವನ್ನು ನೆಚ್ಚಿದ್ದು ನೆಲದ ಮೇಲೆ ಬೇರೆ ಗತಿ ಇಲ್ಲದ್ದರಿಂದ. ಉಪಗ್ರಹ ನೋಡುವುದು ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಕಂಬವನ್ನು. ಮೂಗಿನ ಮಟ್ಟದ ಗಾಳಿಯನ್ನು ಅದರಿಂದ ಅಂದಾಜು ಮಾಡಬೇಕು. ಮೋಡವಿದ್ದರೆ ಕಾಣದು, ಅಂದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹಳ ದಿನ ಕುರುಡು. ಇಂಥ ಉಪಗ್ರಹಗಳಲ್ಲಿ ಹೆಚ್ಚಿನವು ಹಾದುಹೋಗುವುದು ಹಗಲಿನ ನಿಗದಿತ ಹೊತ್ತಿನಲ್ಲಿ. ಒಲೆ ಉರಿಯುವ ಮುಂಜಾವ, ಮುಸ್ಸಂಜೆ ಅದರ ಕಣ್ಣಿಗೆ ಬೀಳುವುದಿಲ್ಲ. ನೆಲದ ಮೇಲಿನ ಕೈಅಳತೆಯ ಕೇಂದ್ರಗಳೂ ವಾರಕ್ಕೆ ಎರಡು ದಿನ ಲೆಕ್ಕದಲ್ಲಿ ವರ್ಷಕ್ಕೆ 104 ದಿನ ಮಾತ್ರ ಅಳೆಯುತ್ತವೆ. ಹಳ್ಳಿಗಳಲ್ಲೂ ಮಾಪನ ಜಾಲ ಬೇಕೆಂದು ಶುದ್ಧ ಗಾಳಿ ಕಾರ್ಯಕ್ರಮದ ದಾಖಲೆಯಲ್ಲೇ ಬರೆದಿದೆ. ಅದನ್ನು ಕರ್ನಾಟಕದಲ್ಲಿ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನಾನು ಹೇಳುವ ಜಾಗಗಳು ಇವು: ಕಬ್ಬಿನ ಸಿಪ್ಪೆ ಉರಿಸುವ ಮಂಡ್ಯದ ಆಲೆಮನೆಗಳ ಹಿಂಡು, ರಾಯಚೂರು ಸ್ಥಾವರದಿಂದ ಗಾಳಿ ಬೀಸುವ ದಿಕ್ಕಿನ ಹಳ್ಳಿಗಳು, ಬಳ್ಳಾರಿ-ಸಂಡೂರಿನ ಅದಿರು ಲಾರಿಗಳ ದಾರಿ, ಸೌದೆಯನ್ನೇ ನೆಚ್ಚಿರುವ ಮಲೆನಾಡಿನ ಒಂದೆರಡು ಊರು. ಅಲ್ಲಿ ತೂಕ ಮಾತ್ರ ಅಳೆದರೆ ಸಾಲದು. ಆ ಕಣದಲ್ಲಿ ಸಲ್ಫೇಟ್ ಎಷ್ಟು, ನೈಟ್ರೇಟ್ ಎಷ್ಟು, ಅಮೋನಿಯಂ ಎಷ್ಟು, ಮಸಿ ಎಷ್ಟು ಎಂದು ಬಿಡಿಸಿ ಹೇಳುವ ಪ್ರಯೋಗಶಾಲೆ ಹತ್ತಿರದ ವಿಶ್ವವಿದ್ಯಾಲಯದಲ್ಲೇ ಇರಬೇಕು, ಅಲ್ಲಿ ಎಂಎಸ್ಸಿ ಓದುವ ಹುಡುಗ ಹುಡುಗಿಯರ ಕೈಯಲ್ಲಿ ಆ ಉಪಕರಣ ಇರಬೇಕು.